ಮಡೆ ಮುಚ್ಚದ ಮನೆ

2009ರ ಫೆಬ್ರವರಿಯಲ್ಲಿ ನಾರ್ತ್‌ವಿಲ್‌ನ ಒಂದು ಬೀದಿಯ ನಾಲ್ಕು ಮನೆಗಳ ಮುಂದೆ ಹಿಮ ಹಾಗೇ ಬಿದ್ದಿತ್ತು. ಹಿಮ ಎತ್ತದ ಮನೆ ಎಂದರೆ ಜನ ಬಿಟ್ಟುಹೋದ ಮನೆ. ಐದನೆಯದು ತಮ್ಮದಾಗಬಾರದು ಎನ್ನುವುದೊಂದೇ ಕೌಸಲ್ಯಾಳ ಆಸೆ.

ಗಂಡ ಚಂದ್ರಮೌಳಿ ಸೌತ್‌ಫೀಲ್ಡ್‌ನ ಕಂಪನಿಯೊಂದರಲ್ಲಿ ಒಂಬತ್ತು ವರ್ಷ ಕಾರಿನ ಬ್ರೇಕುಗಳ ನಕ್ಷೆ ಬರೆದವನು. ದೀಪಾವಳಿಗೆ ಮುಂಚೆ ಅವನನ್ನು ಕೆಲಸದಿಂದ ತೆಗೆದು, ಮೇಜಿನ ಸಾಮಾನು ತುಂಬಿಕೊಳ್ಳಲು ಕೈಗೊಂದು ರಟ್ಟಿನ ಡಬ್ಬಿ ಕೊಟ್ಟು ಮನೆಗೆ ಕಳಿಸಿದ್ದರು. ಈಗ ಶಿಕಾಗೋ ಪಕ್ಕದ ಡೌನರ್ಸ್ ಗ್ರೋವ್‌ನಲ್ಲಿ ಸಣ್ಣದೊಂದು ಕಾಂಟ್ರ್ಯಾಕ್ಟ್ ಕೆಲಸ ಸಿಕ್ಕಿತ್ತು. ಈ ಮನೆಗೆ ಮಾರ್ಚ್ ಒಂದರಿಂದ ಶ್ಯಾಮ್ ಎನ್ನುವವನ ಸಂಸಾರ ಬಾಡಿಗೆಗೆ ಬರುವುದಾಗಿ ಮಾತಾಗಿತ್ತು. ಅವರು ಬಂದರೆ ಆ ಬಾಡಿಗೆಯಲ್ಲಿ ಬ್ಯಾಂಕಿನ ಸಾಲದ ಕಂತು ಕಟ್ಟಬಹುದು, ಮನೆ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ನಡುವಿನ ಮೂರು ವಾರ ಮನೆಗೆ ಬೀಗ.

ಹೊರಡುವ ಬೆಳಿಗ್ಗೆ ಹಿಂದಿನ ಬೀದಿಯ ಉಮ್ಮೆ ಕುಲ್ಸುಮ್ ಡಬ್ಬಿ ತುಂಬ ಚಪಾತಿ ತಂದಳು.

"ಕೌಸಲ್ಯಕ್ಕ, ಹೀಟು ಪೂರ್ತಿ ಆರಿಸ್ತೀರಂತೆ?"

"ಯಾರೂ ಇಲ್ದಿರೋ ಮನೇನ ಯಾರಿಗೋಸ್ಕರ ಬೆಚ್ಚಗಿಡ್ಲಿ, ಕುಲ್ಸುಮ್?"

"ಹಂಗಾದ್ರೆ ಬೇಸ್‌ಮೆಂಟಲ್ಲಿ ಮೇನ್ ವಾಲ್ವ್ ಇದೆಯಲ್ಲ, ಅದನ್ನ ಮುಚ್ಚಿ. ಆಮೇಲೆ ನಲ್ಲಿಗಳನ್ನೆಲ್ಲ ತೆಗೆದು ಪೈಪ್ ಖಾಲಿ ಮಾಡಿ. ಒಳಗಿರೋ ನೀರು ಹೆಪ್ಪುಗಟ್ಟಿ ಪೈಪ್ ಒಡೆದ್ರೆ ಕಷ್ಟ."

ಕೌಸಲ್ಯಾಳ ಮುಖ ಸಣ್ಣದಾಯಿತು. ನಾಗಮಂಗಲದ ಹತ್ತಿರದ ತವರಿನಲ್ಲಿ, ಎರಡು ದಿನದ ಮಟ್ಟಿಗೆ ಬೀಗ ಹಾಕಿದರೂ ಅವಳ ತಾಯಿ ದೇವರ ಮುಂದೆ ಒಂದು ಚೊಂಬು ನೀರು ತುಂಬಿಟ್ಟೇ ಹೊಸಿಲು ದಾಟುತ್ತಿದ್ದರು. ನೀರಿಲ್ಲದ್ದು ಪಾಳುಮನೆ ಎಂದು ಕೇಳಿಕೊಂಡೇ ಬೆಳೆದವಳು ಅವಳು.

"ಹೋಗ್ತಾ ಹೋಗ್ತಾ ನನ್ನ ಕೈಯಾರೆ ಮನೆಗೆ ನೀರು ನಿಲ್ಸೋದಾ? ಬೇಡ ಕಣೇ. ಮೊದ್ಲೇ ಮನೆ ಕೈಜಾರ್ತಾ ಇದೆ."

ಪೆಟ್ಟಿಗೆಗೆ ಟೇಪು ಅಂಟಿಸುತ್ತಿದ್ದ ಚಂದ್ರಮೌಳಿ ತಲೆ ಎತ್ತಿದ. "ಹವಾಯಿಯಿಂದ ಬಂದೋಳು ನೀನು, ನಮಗೆ ಚಳಿ ಪಾಠ ಹೇಳ್ತೀಯಲ್ಲಮ್ಮ! ಸ್ವಲ್ಪ ಸೋರಿದ್ರೆ ಸೋರ್ಲಿ ಬಿಡು. ಸುತ್ತ ಸಮುದ್ರದಂಥ ಲೇಕುಗಳು. ಇಲ್ಲಿ ನೀರಿಗೇನು ಬರ?"

"ನಾವಿದ್ದದ್ದೂ ಸಮುದ್ರದ ಮಧ್ಯಾನೇ ಅಣ್ಣ. ಒಂದು ಲೋಟ ಕುಡಿಯೋಕಾಗ್ತಿತ್ತಾ?"

ಕುಲ್ಸುಮ್‌ಳ ಗಂಡ ನಜೀರ್ ಹವಾಯಿಯ ದೊಡ್ಡ ದ್ವೀಪದಲ್ಲಿ, ಹೀಲೋ ಊರಿನ ಹತ್ತಿರ, ಆರು ವರ್ಷ ಹೂವಿನ ನರ್ಸರಿ ನೋಡಿಕೊಂಡಿದ್ದ. ಅಲ್ಲಿ ಅವರ ಮನೆಗೆ ನಲ್ಲಿಯ ಸಂಪರ್ಕವೇ ಇರಲಿಲ್ಲ. ಸೂರಿನ ಮೇಲೆ ಬಿದ್ದ ಮಳೆ ಟ್ಯಾಂಕಿಗಿಳಿದರೆ ಅದೇ ಸ್ನಾನಕ್ಕೆ, ಅದೇ ಅಡಿಗೆಗೆ.

"ಸೋಪು ಹಚ್ಕೊಳ್ಳೋವಾಗ ನೀರು ಬಿಟ್ಟಿದ್ರೆ ಇವರು ಬಂದು ಬಚ್ಚಲ ಬಾಗ್ಲು ಬಡಿಯೋರು," ಎಂದು ಅವಳು ನಕ್ಕಳು. "ಪಕ್ಕದಲ್ಲಿ ಒಬ್ಬ ಅಜ್ಜಿ ಇದ್ರು. ಅಲ್ಲಿ ಅಜ್ಜೀನ ಟೂಟೂ ಅಂತಾರೆ. ಕಣಿವೇಲಿ ಅವರದೊಂದು ಕೆಸುವಿನ ಗದ್ದೆ. ನಮ್ಮ ಕೆಸೂನೇ ಅಕ್ಕ, ಅವರಿಗೆ ಅದೇ ಊಟ. ಹೊಳೆಯಿಂದ ಕಾಲುವೆ, ಕಾಲುವೆಯಿಂದ ಗದ್ದೆಗೆ ಸರದಿ ಮೇಲೆ ನೀರು. ಹೂಳು ತೆಗೆಯೋಕೆ ಬರದೋರಿಗೆ ಸರದಿಯೂ ಇಲ್ಲ. ಗದ್ದೆ ದಾಟಿದ ನೀರು ತಿರುಗಿ ಹೊಳೆಗೇ ಸೇರ್ಬೇಕು, ಕೆಳಗಿನೋರಿಗೆ."

"ನಮ್ಮೂರಲ್ಲೂ ಸರದಿ ಇತ್ತು. ಅದಕ್ಕೂ ಇದಕ್ಕೂ ಏನೇ ಸಂಬಂಧ?"

"ಕೇಳಿ. ಸರದಿ ಮುಗಿದ ತಕ್ಷಣ ಟೂಟೂ ಕಲ್ಲು, ಹುಲ್ಲುಹೆಂಟೆ ಇಟ್ಟು ಗದ್ದೆಗೆ ನೀರು ಬರೋ ಮಡೆ ಮುಚ್ಚೋರು. ಇನ್ನೊಂದು ಸ್ವಲ್ಪ ಹೊತ್ತು ಬಿಡಿ ಅಂತ ಒಂದ್ಸಲ ನಾನೇ ಅಂದೆ. 'ನಿನ್ನ ಕೆಲಸ ಆಯ್ತಲ್ಲ. ಇನ್ನು ಮುಚ್ಚೋದೇ ನೀರಿಗೆ ಕೈಮುಗಿದ ಹಾಗೆ' ಅಂದ್ರು. ಸಿಹಿನೀರಿಗೆ ಅವರ ಮಾತಲ್ಲಿ ವೈ. ಆಸ್ತಿಗೆ ವೈವೈ. ಅಷ್ಟು ದೊಡ್ಡದು ಅವರಿಗೆ."

"ಅವರ ಪದ್ಧತಿ ಅವರಿಗೆ, ನಮ್ಮದು ನಮಗೆ."

"ಕೀ ಆದ್ರೂ ಕೊಟ್ಟು ಹೋಗಿ, ದಿನಾ ಬಂದು ನೋಡ್ತೀನಿ."

"ಅಮ್ಮಾ, ಜಸ್ಟ್ ಗಿವ್ ಹರ್ ದ ಕೀ!" ಎಂದಳು ಬಾಗಿಲಲ್ಲಿ ನಿಂತಿದ್ದ ಮಗಳು ಧೃತಿ.

ಕೌಸಲ್ಯಾ ಕೊಡಲಿಲ್ಲ. ಇನ್ನೊಬ್ಬರ ಕೈಗೆ ಕೀ ಕೊಟ್ಟರೆ ಮನೆ ಬಿಟ್ಟೆವೆಂದು ಒಪ್ಪಿಕೊಂಡಂತೆ ಎನ್ನಿಸಿತು. ಹಿತ್ತಾಳೆಯ ಚೊಂಬಿಗೆ ಕತ್ತಿನವರೆಗೆ ನೀರು ತುಂಬಿ, ಕುಂಕುಮವಿಟ್ಟು, ದೇವರ ಮುಂದಿರಿಸಿ ಬೀಗ ಹಾಕಿದಳು.

ಅವರು ಹೋದ ಎರಡನೆಯ ರಾತ್ರಿಯೇ ಉಷ್ಣಾಂಶ ಸೊನ್ನೆ ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗಿಳಿಯಿತು. ಹೋದ ಹನ್ನೊಂದನೆಯ ದಿನ ಡೌನರ್ಸ್ ಗ್ರೋವ್‌ಗೆ ಫೋನು ಬಂತು.

"ಅಕ್ಕಾ, ನಿಮ್ಮ ಗ್ಯಾರೇಜ್ ಬಾಗ್ಲ ಕೆಳಗಿಂದ ನೀರು ಬರ್ತಾ ಇದೆ. ರಸ್ತೆವರೆಗೂ ಮಂಜುಗಡ್ಡೆ. ನೀರಿನ ಆಫೀಸಿನೋರನ್ನ ಕರೆಸಿ ಹೊರಗಡೆಯಿಂದ ನಿಲ್ಸಿದೀನಿ. ನೀವು ಬನ್ನಿ."

ಗಂಡಹೆಂಡಿರು ಕೂಡಲೇ ಇನ್ನೂರೆಂಬತ್ತು ಮೈಲಿ ಕಾರು ಓಡಿಸಿಕೊಂಡು ಬಂದರು.

ಅಡಿಗೆಮನೆಯ ಗೋಡೆಯೊಳಗೆ ಪೈಪು ಉದ್ದಕ್ಕೆ ಸೀಳಿತ್ತು. ಮರದ ನೆಲ ಅಲೆಅಲೆಯಾಗಿ ಎದ್ದಿತ್ತು. ಬೇಸ್‌ಮೆಂಟಿನ ಸೂರು ಕಳಚಿ ಕಾರ್ಪೆಟ್ಟಿನ ಮೇಲೆ ಬಿದ್ದಿತ್ತು. ದೇವರ ಮುಂದಿನ ಚೊಂಬಿನ ನೀರು ಕಲ್ಲಾಗಿ, ತಳ ಉಬ್ಬಿಹೋಗಿತ್ತು. ಕೌಸಲ್ಯಾ ಅದನ್ನು ಎತ್ತಿ ಮತ್ತೆ ಇಟ್ಟಳು. ಅದು ನಿಲ್ಲಲಿಲ್ಲ, ಉರುಳಿತು.

"ಎಷ್ಟು ದಿನ ಹರೀತೋ?" ಎಂದಳು.

"ಒಂದು ವಾರ ಇರಬಹುದು ಅಂದ್ರು, ನಿಲ್ಲಿಸೋಕೆ ಬಂದೋರು," ಎಂದಳು ಕುಲ್ಸುಮ್.

"ಒಂದು ವಾರ. ಒಬ್ಬರ ಬಾಯಿಗೂ ಹೋಗ್ದೆ, ಒಂದು ಗಿಡಕ್ಕೂ ಹೋಗ್ದೆ." ಕೌಸಲ್ಯಾ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. "ನೀರು ನಿಲ್ಲಿಸಿದ್ರೆ ಮನೆ ಹೋಗತ್ತೆ ಅಂದ್ಕೊಂಡೆ ಕುಲ್ಸುಮ್. ನಿಲ್ಲಿಸದೆ ಹೋಯ್ತು."

ಹೀಟು ಆರಿಸಿದ್ದು ತಿಳಿದು ವಿಮೆಯವರು ಪರಿಹಾರ ಕೊಡಲು ಆಗುವುದಿಲ್ಲವೆಂದರು. ಶ್ಯಾಮ್ ಬಂದು ಗೋಡೆಗಳ ಮೇಲೇರುತ್ತಿದ್ದ ಕಪ್ಪು ಬೂಷ್ಟು ನೋಡಿ, "ಚಿಕ್ಕ ಮಗು ಇದೆ ಅಂಕಲ್, ಸಾರಿ," ಎಂದು ಶೂ ಕೂಡ ಬಿಚ್ಚದೆ ಹಿಂತಿರುಗಿದ. ಏಪ್ರಿಲ್ ಬರುವುದರೊಳಗೆ ಮನೆ ಬ್ಯಾಂಕಿನ ಪಾಲಾಯಿತು. ಆ ಬೀದಿಯಲ್ಲಿ ಖಾಲಿ ಮನೆಗಳು ಐದಾದವು.

ಕೌಸಲ್ಯಾ ಕೊನೆಯ ಸಲ ಬಂದಾಗ ಕುಲ್ಸುಮ್ ತನ್ನ ಕುಂಡದಿಂದ ಕೆಸುವಿನ ಒಂದು ಮರಿ ಕಿತ್ತು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಟ್ಟಳು. ಈಗ ಅದು ಡೌನರ್ಸ್ ಗ್ರೋವ್‌ನ ಎರಡು ಕೋಣೆಯ ಅಪಾರ್ಟ್‌ಮೆಂಟಿನ ಕಿಟಕಿಯಲ್ಲಿದೆ. ಅಕ್ಕಿ ತೊಳೆದ ನೀರು ಅದಕ್ಕೇ. ಧೃತಿ ಹಲ್ಲುಜ್ಜುವಾಗ ನಲ್ಲಿ ನಿಲ್ಲಿಸುತ್ತಾಳೆ, ಯಾರೂ ಹೇಳಬೇಕಿಲ್ಲ. ಎರಡು ದಿನಕ್ಕೆ ಊರು ಬಿಟ್ಟರೂ ಚಂದ್ರಮೌಳಿ ಬಗ್ಗಿ ವಾಲ್ವ್ ಮುಚ್ಚಿ, ಕೀಯನ್ನು ಎದುರುಮನೆಗೆ ಕೊಟ್ಟುಬರುತ್ತಾನೆ. ಲೇಕುಗಳ ಮಾತು ಅವನು ಮತ್ತೆ ಎತ್ತಿಲ್ಲ. ತಳ ಉಬ್ಬಿದ ಚೊಂಬನ್ನು ಕೌಸಲ್ಯಾ ಎಸೆದಿಲ್ಲ. ಗೋಡೆಗೆ ಒರಗಿಸಿಟ್ಟಿದ್ದಾಳೆ. ಅದರಲ್ಲಿ ನೀರು ತುಂಬುವಂತಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಕೆಲಸ ಹೋಗುವುದನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲ. ನೀರು ನಮ್ಮ ಕೈಯಲ್ಲಿದೆ. ಚಳಿಗಾಲದಲ್ಲಿ ಮನೆಗೆ ಬೀಗ ಹಾಕುವಾಗ ಹೀಟು ಐವತ್ತೈದು ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗಿಳಿಯದಿರಲಿ. ಮೇನ್ ವಾಲ್ವ್ ಮುಚ್ಚಿ, ನಲ್ಲಿಗಳನ್ನು ತೆರೆದು ಪೈಪು ಖಾಲಿ ಮಾಡಿ. ನಾಚಿಕೆ ಬಿಟ್ಟು ನೆರೆಯವರಿಗೆ ಕೀ ಕೊಡಿ. ನಿಮ್ಮ ಬೀದಿಯ ಖಾಲಿ ಮನೆಯಿಂದ ನೀರು ಹರಿದರೆ ನಮಗೇಕೆ ಎನ್ನದೆ ಫೋನು ಮಾಡಿ. ಕೌಸಲ್ಯಾಳಿಗೆ ಹೇಳುವವರಿದ್ದರು, ಅವಳು ಕೇಳುವ ಹೊತ್ತಿಗೆ ಮನೆ ಇರಲಿಲ್ಲ. ನಿಮ್ಮ ಮನೆ ಇನ್ನೂ ಇದೆ. ಈ ಹಾಳೆ ಕೆಳಗಿಡಿ, ಬೇಸ್‌ಮೆಂಟಿಗೆ ಇಳಿಯಿರಿ, ವಾಲ್ವ್ ಎಲ್ಲಿದೆಯೆಂದು ಈಗಲೇ ನೋಡಿಬನ್ನಿ.