ಅಟ್ಟದಿಂದಿಳಿದ ಪಾತ್ರೆಗಳು

ತಮಿಳುನಾಡಿನ ಕಡಲ ದಂಡೆಯ ಮೀನುಗಾರರ ಕೇರಿಯೊಂದನ್ನು ಚಂಡಮಾರುತ ನುಂಗಿತೆಂದು ಕೇಳಿ ದೊಡ್ಡನೆಕ್ಕುಂದಿಯ ಅಣ್ಣಮ್ಮ ಮರುಗಿದಳು. ಸೊಸೆ ಭವ್ಯಳ ಸಂಘದವರು ಸಂಜೆಗೆ ಲಾರಿ ಕಳಿಸುವವರಿದ್ದರು. ಅಣ್ಣಮ್ಮ ಬೀರು ತೆಗೆದು ದೊಡ್ಡದೊಂದು ಮೂಟೆ ಕಟ್ಟಿದಳು. ಒಳಗೆ ಬರೀ ಬ್ಲೌಸ್ ಪೀಸು. ಅರಿಶಿನ ಕುಂಕುಮದ ಜೊತೆ ಮನೆಮನೆ ಸುತ್ತಿದವು, ಯಾರೂ ಹೊಲಿಸದವು. ಕೆಲವಂತೂ ಅಣ್ಣಮ್ಮನೇ ಕೊಟ್ಟು, ಊರೆಲ್ಲ ತಿರುಗಿ ಅವಳಿಗೇ ವಾಪಸು ಬಂದಿದ್ದವು.

ಭವ್ಯ ಮೂಟೆಯನ್ನು ಮುಟ್ಟಲಿಲ್ಲ. ಅಲ್ಲಿಗೆ ಫೋನ್ ಮಾಡಿ ಕೇಳಿದ್ದಾಯಿತು, ಬಟ್ಟೆ ಬೇಕಾದಷ್ಟು ಬಂದಿದೆ, ಅಕ್ಕಿಯೂ ಇದೆ, ಪಾತ್ರೆ ಬೇಕಂತೆ ಎಂದಳು.

ಅಣ್ಣಮ್ಮನ ಮುಖ ಸಣ್ಣಗಾಯಿತು. "ಕಷ್ಟದಲ್ಲಿರೋರು ಕೊಟ್ಟಿದ್ದು ಇಸ್ಕೋತಾರೆ ಕಣೇ. ಅದು ಬೇಕು, ಇದು ಬೇಡ ಅಂತಾರಾ?"

ಅಂಗಳದಲ್ಲಿ ಬಟ್ಟೆ ಒಗೆಯುತ್ತಿದ್ದ ಸಾಬಮ್ಮ ತಲೆ ಎತ್ತಿದಳು. ಬಾಡಿಗೆ ಕೋಣೆಯವಳು, ಭೀಮಾ ನದಿಯ ದಂಡೆಯ ಊರಿನವಳು, ನೆರೆ ಕಂಡವಳು.

"ನಮಗೂ ಚೀಲಗಟ್ಲೆ ಅಕ್ಕಿ ಬಂದಿತ್ರೀ ಅಮ್ಮಾರ. ಕುದಿಸಬೇಕಂದ್ರ ಒಂದು ಬೋಗಾಣಿ ಇದ್ದಿದ್ದಿಲ್ಲ. ಎಲ್ಲಾ ಹೊಳಿ ಒಯ್ದಿತ್ತು. ಹುಡುಗ್ರು ಹಸಿ ಅಕ್ಕಿನೇ ಮುಕ್ಕಿದ್ವು."

ಅಣ್ಣಮ್ಮ ಮೂಟೆಯನ್ನು ಪಕ್ಕಕ್ಕೆ ಸರಿಸಿದಳು. ಸಾಬಮ್ಮ ಮೆಲ್ಲಗೆ ನಕ್ಕು ಸೇರಿಸಿದಳು: "ನಮ್ಮ ಕಡಿಂದ ಬಾಡಿಗಿ ಇಸ್ಕೋತೀರಿ. ನಿಮ್ಮ ಅಟ್ಟದಾಗ ಅಷ್ಟು ಪಾತ್ರಿ ಪುಕ್ಕಟೆ ಕುಂತಾವಲ್ರೀ?"

ಅಣ್ಣಮ್ಮನಿಗೂ ನಗು ತಡೆಯಲಾಗಲಿಲ್ಲ. ಆದರೆ ಅವು ಅವಳ ಮದುವೆಯ ಪಾತ್ರೆಗಳು. ಹೆಸರು ಕೆತ್ತಿಸಿದವು. ಮೊಮ್ಮಗಳು ನಿಖಿತಾಳ ಮದುವೆಗೆಂದು ಎತ್ತಿಟ್ಟವು. ನಿಖಿತಾ ಇನ್ನೂ ಮೂರನೇ ಕ್ಲಾಸು.

ಅಣ್ಣಮ್ಮ ತಲೆ ಎತ್ತಿ ಅಟ್ಟವನ್ನು ನೋಡಿದಳು. ಹಸಿ ಅಕ್ಕಿ ಮುಕ್ಕಿದ ಮಕ್ಕಳೇ ಕಣ್ಣಿಗೆ ಕಟ್ಟಿದರು.

"ಏಣಿ ತಗೊಂಬಾ ಭವ್ಯಾ. ಮುಚ್ಚಳ, ಸೌಟು ಎಲ್ಲಾ ಇಳ್ಸು. ಬರೀ ಪಾತ್ರೆ ಕೊಟ್ರೆ ಕೈಯಲ್ಲಿ ತಿರುವ್ತಾರಾ?"

ವಿಷಯ ಬೀದಿಗೆ ಗೊತ್ತಾಗಿ, ಪಕ್ಕದ ಮನೆಗಳ ಅಟ್ಟದಿಂದಲೂ ಧೂಳು ಉದುರಿತು. ಲಾರಿ ಗಣಗಣ ಸದ್ದು ಮಾಡುತ್ತಾ ಹೊರಟಿತು.

ಆ ವಾರವೇ ಮೀನುಗಾರರ ಕೇರಿಯಿಂದ ಭವ್ಯಳ ಫೋನಿಗೆ ವಿಡಿಯೋ ಕಾಲ್ ಬಂತು. ಹೆಂಗಸೊಬ್ಬಳು ಬಿಸಿ ಅನ್ನದ ಪಾತ್ರೆ ತೋರಿಸಿ, ಇದರ ಮೇಲೆ ಏನು ಬರೆದಿದೆ ಎಂದು ತಮಿಳಲ್ಲಿ ಕೇಳಿದಳು. ಹಲಸೂರು ಸಂತೆಯಲ್ಲಿ ಸೊಪ್ಪು ಮಾರಿ ಕಲಿತ ತಮಿಳಿನಲ್ಲೇ ಅಣ್ಣಮ್ಮ ಹೇಳಿದಳು: ಅದು ನನ್ನ ಹೆಸರು ತಾಯಿ, ಅಣ್ಣಮ್ಮ ಅಂತ, ಪಾತ್ರೆ ಮಾತ್ರ ಇನ್ನು ನಿನ್ನದು. ಅಲ್ಲಿನ ಮಕ್ಕಳು ತಟ್ಟೆ ಹಿಡಿದು "ಅಣ್ಣಮ್ಮಾ" ಎಂದು ಒಟ್ಟಿಗೆ ಕೂಗಿದವು. ಅಣ್ಣಮ್ಮ ಸೆರಗಲ್ಲಿ ಮುಖ ಮುಚ್ಚಿ ನಕ್ಕಳು.

ಬ್ಲೌಸ್ ಪೀಸುಗಳೇ? ಅವು ಮತ್ತೆ ಊರು ಸುತ್ತಲು ಹೊರಟವು.

ಅಕ್ಕಂದಿರೇ, ಅಣ್ಣಂದಿರೇ, ಮೂಟೆ ಕಟ್ಟುವ ಮೊದಲು ಒಂದು ಫೋನ್ ಮಾಡಿ, ಏನು ಬೇಕೆಂದು ಕೇಳಿ. ಆಮೇಲೆ ನಿಮ್ಮನೆ ಅಟ್ಟದತ್ತ ಒಮ್ಮೆ ತಲೆ ಎತ್ತಿ ನೋಡಿ.