ಹೋಲಿಕೆಗಾಗಿ ಬೆಳೆದ ರಾಗಿ

ತಿರುಮಲೇಶರು ‘ರಾಗಿ’ ಎನ್ನುವಾಗ ದನಿ ತಗ್ಗಿಸುತ್ತಿದ್ದರು. ನಾವಿಬ್ಬರೂ ಆಡುತ್ತಿದ್ದುದು ಕನ್ನಡ, ಸುತ್ತಲಿನವರಿಗೆ ಅದರ ಒಂದಕ್ಷರವೂ ತಿಳಿಯುವಂತಿರಲಿಲ್ಲ. ಆದರೂ ಆ ಮಾತು ಬಂದೊಡನೆ ಅವರ ಕಣ್ಣು ಒಮ್ಮೆ ಬಾಗಿಲಿನ ಕಡೆಗೆ ಹೋಗಿ ಬರುತ್ತಿತ್ತು. ನಡಿಗೆಯೂ ಹಾಗೆಯೇ, ಗೋಡೆಯ ಮಗ್ಗುಲಿಗೆ, ಸದಾ ಯಾರಿಗೋ ದಾರಿ ಬಿಡುವವರಂತೆ. ಬೇಸಿಗೆಯಲ್ಲೂ ಬಿಡದ ಕಂದು ಕೋಟಿನ ಜೇಬುಗಳಲ್ಲಿ ಬೀಜದ ಲಕೋಟೆಗಳಿರುತ್ತಿದ್ದವು. ಮಾತಿನ ನಡುವೆ ಅವನ್ನು ಮುಟ್ಟಿ ನೋಡಿಕೊಳ್ಳುವುದು ಅಭ್ಯಾಸವಾಗಿಬಿಟ್ಟಿತ್ತು.

ನಾವಿದ್ದ ಆ ಪರದೇಶದಲ್ಲಿ, ಎಮರಿವಿಲ್ ಎಂಬ ಊರಿನ ಹಳೆಯ ಕಾರ್ಖಾನೆಗಳ ಸಾಲಿನಲ್ಲಿದ್ದ ಒಂದು ಸಣ್ಣ ಸಂಶೋಧನಾಲಯದಲ್ಲಿ ಅವರು ಸಸ್ಯವಿಜ್ಞಾನಿ. ಕೃಷಿ ಸಂಶೋಧನೆಗೆ ಸರ್ಕಾರದ ಕೈ ಬಿಗಿಯಾಗಿ, ಕಂಪನಿಗಳ ಕೈ ಉದ್ದವಾಗುತ್ತಿದ್ದ ಎಂಬತ್ತರ ದಶಕ ಅದು. ಗಾಲ್ಫ್ ಮೈದಾನಗಳನ್ನು ಕಾಡುವ ಒಂದು ಕಳೆಹುಲ್ಲು ರಾಗಿಯ ಹತ್ತಿರದ ಬಂಧು. ಆ ಕಳೆಯನ್ನು ಕೊಲ್ಲುವ ವಿದ್ಯೆಗೆ ಔಷಧಿ ಕಂಪನಿಯೊಂದು ಹಣ ಕೊಡುತ್ತಿತ್ತು. ತಿರುಮಲೇಶರು ಕಳೆಯ ಪಕ್ಕದಲ್ಲಿ ‘ಹೋಲಿಕೆಗಾಗಿ’ ಎಂದು ಬರೆದು ನಾಲ್ಕು ಟ್ರೇ ರಾಗಿ ಬೆಳೆದರು.

“ಶ್ರೀಮಂತ ದೇಶ ತಾನು ತಿನ್ನೋದಕ್ಕೆ, ತಾನು ಆಡೋದಕ್ಕೆ ದುಡ್ಡು ಕೊಡುತ್ತೆ ಸಾರ್. ನಮ್ಮೂಟ ಇವರ ಲಿಸ್ಟಲ್ಲೇ ಇಲ್ಲ. ಕಳೆ ಅಂತ ಬರೆದ್ರೆ ಮಾತ್ರ ಗ್ರಾಂಟು.”

ಹೀಗೆ ಕದ್ದುಮುಚ್ಚಿ ಏಳು ವರ್ಷ ದುಡಿದು, ತೆನೆಯನ್ನೇ ಜೊಳ್ಳಾಗಿಸುವ ಬೆಂಕಿ ರೋಗಕ್ಕೆ ಜಗ್ಗದ ಒಂದು ತಳಿಯನ್ನು ಅವರು ಪಡೆದರು. ಅದನ್ನು ಮಂಡ್ಯದ ಹತ್ತಿರ ಪ್ರಯೋಗದ ಹೊಲ ನೋಡಿಕೊಳ್ಳುತ್ತಿದ್ದ ಗೆಳೆಯನಿಗೆ ಕಳಿಸುವುದೊಂದೇ ಅವರ ಆಸೆ. ಅಷ್ಟರಲ್ಲಿ ಹೊಸ ಕರಾರು ಬಂತು: ತನ್ನ ಹಣದಲ್ಲಿ ಬೆಳೆದದ್ದೆಲ್ಲ ಕಂಪನಿಯ ಸ್ವತ್ತು, ಒಂದು ಕಾಳೂ ಹೊರಗೆ ಹೋಗಕೂಡದು. ತಿರುಮಲೇಶರು ಸಹಿ ಹಾಕಿದರು. ಟ್ರೇಗಳನ್ನೂ, ಜೇಬಿನ ಲಕೋಟೆಗಳ ಸಮೇತ ಬೀಜವನ್ನೂ ಒಪ್ಪಿಸಿದರು, ಒಂದು ಕಾಫಿ ಡಬ್ಬಿಯಷ್ಟನ್ನು ಬಿಟ್ಟು. ಆ ಡಬ್ಬಿ ಅವರ ಮನೆಯ ಫ್ರಿಜ್ಜು ಸೇರಿತು.

ಅಂದಿನಿಂದ ಮನುಷ್ಯ ಬದುಕಿದ್ದೇ ಭಯದಲ್ಲಿ. ನಾಲ್ಕು ಸಲ ಪೋಸ್ಟಾಫೀಸಿಗೆ ಹೋಗಿ, ಕ್ಯೂನಲ್ಲಿ ನಿಂತು, ಸರದಿ ಬರುವ ಮೊದಲೇ ವಾಪಸಾದರು. ಕೆಲಸ ಹೋದರೆ ವೀಸಾ ಹೋಗುತ್ತದೆ, ವೀಸಾ ಹೋದರೆ ಎಲ್ಲಿಗೆ? “ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯ್ತು ನಿಮ್ಮ ಕಥೆ” ಎಂದು ನಾನು ರೇಗಿಸಿದೆ. ಅವರು ನಗಲಿಲ್ಲ. ಅಂದು ನನ್ನ ಮನೆಯಿದ್ದ ಮೆನ್ಲೋ ಪಾರ್ಕಿಗೆ ಹಿಂದಿರುಗುವಾಗ ಫ್ರೀವೇಯಲ್ಲಿ ಹಿಂದೆ ಬರುತ್ತಿದ್ದ ಕಾರನ್ನು ನಾನೂ ಎರಡೆರಡು ಸಲ ನೋಡಿದೆ. ಅವರ ಹೆದರಿಕೆ ನನಗೂ ಅಂಟಿತ್ತು.

ಒಂದು ಭಾನುವಾರ ಮಧ್ಯಾಹ್ನ ಊಟಕ್ಕೆ ಕರೆದರು. ಅವರ ಹೆಂಡತಿ ವೇದವತಿ ಮುಖದ ತುಂಬ ನಗೆ ತುಂಬಿಕೊಂಡು ತಟ್ಟೆಯಲ್ಲಿ ಬಿಸಿ ಮುದ್ದೆ ಇಟ್ಟು, ಸೊಪ್ಪಿನ ಸಾರು ಬಿಟ್ಟರು. ತಿರುಮಲೇಶರ ಕೈ ತಟ್ಟೆಯ ಅಂಚಿನಲ್ಲೇ ನಿಂತಿತು.

“ರಾಗಿ ಎಲ್ಲೀದು?”

“ಫ್ರಿಜ್ಜಲ್ಲಿತ್ತಲ್ಲ ರೀ, ಕಾಫಿ ಡಬ್ಬೀಲಿ. ಯಾರೋ ಊರಿಂದ ಬಂದವರು ಕೊಟ್ಟಿರ್ಬೇಕು, ನೀವು ಹೇಳೋದು ಮರೆತಿದೀರಾ ಅಂದ್ಕೊಂಡೆ. ಕಾಫಿ ಮಿಷನ್ನಲ್ಲೇ ಬೀಸ್ದೆ. ಮುದ್ದೆ ತಿಂದು ಮೂರು ವರ್ಷ ಆಯ್ತಲ್ಲ.”

“ಎಲ್ಲಾನೂ?”

“ಹೂಂ, ಮೂರು ಜನಕ್ಕೆ ಸರಿಹೋಯ್ತು.”

ಆಕೆ ಅವರ ಮುಖವನ್ನೇ ನೋಡುತ್ತ ನಿಂತಿದ್ದರು. “ಚೆನ್ನಾಗಿದೆ” ಎಂದು ತಿರುಮಲೇಶರು ತುತ್ತು ಮುರಿದು ನುಂಗಿದರು. ನಾನೂ ನುಂಗಿದೆ. ಏಳು ವರ್ಷದ ದುಡಿಮೆ ಹತ್ತು ನಿಮಿಷದಲ್ಲಿ ಮುಗಿಯಿತು.

ಆಮೇಲೆ ಅವರು ಕಂಪನಿಯನ್ನು ಒಂದು ಹಿಡಿ ಬೀಜ ಕೇಳಿದರು. ಈ ಬೆಳೆಗೆ ಮಾರುಕಟ್ಟೆಯಿಲ್ಲ, ಬೀಜ ಶೀತಕೋಣೆಯಲ್ಲಿದೆ, ಹೊರಗೆ ಕೊಡುವುದಿಲ್ಲ ಎಂದು ಉತ್ತರ ಬಂತು. ಹೆಚ್ಚು ವಾದಿಸಿದರೆ ಡಬ್ಬಿಯ ಸಂಗತಿ ಬಾಯಿಗೆ ಬಂದೀತೆಂದು ಸುಮ್ಮನಾದರು. ಗೆಳೆಯನ ಕಾಗದಗಳಿಗೆ ಉತ್ತರ ಬರೆಯುವುದನ್ನು ನಿಲ್ಲಿಸಿದರು. ವೇದವತಿಯವರಿಗೆ ಹೇಳಿದಿರಾ ಎಂದು ಕೇಳಿದೆ. “ಇಲ್ಲ ಸಾರ್, ಹೆದ್ರಿಕೆ ಆಗುತ್ತೆ” ಎಂದರು.

ಪರರ ಹಣದಲ್ಲಿ ತಮ್ಮ ಜನದ ಅನ್ನಕ್ಕಾಗಿ ದುಡಿಯುವವರದೊಂದು ಪಂಗಡವಿದೆ. ತಾವೇ ಬೆಳೆದದ್ದನ್ನು ಇಟ್ಟುಕೊಂಡು ಅವರು ಕಳ್ಳರಂತೆ ಬದುಕುತ್ತಾರೆ. ಹಣ ಕೊಟ್ಟವನಿಗೆ ಹೆದರಿ ಹೆದರಿ, ಕಡೆಗೆ ತಮ್ಮವರಿಂದಲೇ ಬಚ್ಚಿಡುತ್ತಾರೆ. ಬಚ್ಚಿಟ್ಟದ್ದು ಬೀಜವೆಂದು ತಿಳಿಯದ ತಮ್ಮವರು, ಅವರ ಮೇಲಿನ ಪ್ರೀತಿಯಿಂದಲೇ ಅದನ್ನು ಬೇಯಿಸಿ ಬಡಿಸುತ್ತಾರೆ.