ಮೈದಾನದ ಮುಯ್ಯಿ

ಮೈದಾನದ ಗೇಟಿಗೆ ಬೀಗ ಬಿದ್ದ ದಿನ ಕುಕ್ಕಪ್ಪ, ಚೇರ್ಮನ್ ಬೋಜಪ್ಪನ ಮುಖಕ್ಕೆ ಉಗುಳಬೇಕೆಂದೇ ಸುಳ್ಯದ ಪಂಚಾಯತು ಕಚೇರಿಗೆ ಹೋದ. ಉಗುಳಲಾಗಲಿಲ್ಲ. ಸಿಟ್ಟಿನಲ್ಲಿ ಬಾಯಿ ಒಣಗಿಹೋಗಿತ್ತು.

ಆ ಮೈದಾನ ಮೊದಲು ಬರೀ ಹೊಂಡ. ಸರಕಾರ ಅರ್ಧ ಹಣ ಕೊಡುತ್ತದೆ, ಉಳಿದರ್ಧಕ್ಕೆ ಊರವರು ಮೈ ಬಗ್ಗಿಸಬೇಕು ಎಂದು ಇದೇ ಬೋಜಪ್ಪ ಮನೆಮನೆಗೆ ಬಂದು ಹಲ್ಲು ಗಿಂಜಿದ್ದ. ಕುಕ್ಕಪ್ಪ ಹೊಳೆಯಾಚೆಯ ತನ್ನವರನ್ನೆಲ್ಲ ಕರೆತಂದು ಒಂದು ಬೇಸಗೆಯಿಡೀ ಪಕ್ಕದ ಗುಡ್ಡ ಕಡಿದು, ಬುಟ್ಟಿಯಲ್ಲಿ ಮಣ್ಣು ಹೊತ್ತು ಹೊಂಡ ತುಂಬಿಸಿದ. ಅವರು ಬಂದದ್ದು ಮುಯ್ಯಿ ಲೆಕ್ಕದಲ್ಲಿ. ನಿನ್ನ ನಾಟಿಗೆ ನಾನು ಬಂದರೆ ನನ್ನ ಕೊಯ್ಲಿಗೆ ನೀನು ಬರಬೇಕು. ಬಾರದವನ ಗದ್ದೆಗೆ ಮರುವರ್ಷ ನರಪಿಳ್ಳೆಯೂ ಇಳಿಯುವುದಿಲ್ಲ. ಊರೆಲ್ಲ ಅಲ್ಲಿ ಆಡಿದರೆ ಮುಯ್ಯಿ ಸಂದಂತೆ ಎಂದು ಅವರ ಎಣಿಕೆ.

ಆಡಿದರೂ ಆಡಿದರು. ವಾಲಿಬಾಲಿನಲ್ಲಿ ಕುಕ್ಕಪ್ಪನ ಸರ್ವೀಸು ಎಂದರೆ ಜಾಲ್ಸೂರಿನ ತಂಡಕ್ಕೂ ನಡುಕ. ನಲವತ್ತು ದಾಟಿದ, ಹಗಲಿಡೀ ಗದ್ದೆಯಲ್ಲಿ ಬಗ್ಗಿರುತ್ತಿದ್ದ ಆ ಮನುಷ್ಯನ ಬೆನ್ನು ನೆಟ್ಟಗಾಗುತ್ತಿದ್ದದ್ದು ಅಲ್ಲಿ ಮಾತ್ರ.

ಈಗ ಅದನ್ನು ವಕೀಲರ, ಆಫೀಸರರ ಕ್ಲಬ್ಬಿಗೆ ಟೆನ್ನಿಸ್ ಆಡಲು ಗೇಣಿಗೆ ಕೊಟ್ಟಾಗಿತ್ತು. ಬೇಲಿ ಸರಿ ಮಾಡಿಸಲು, ನೋಡಿಕೊಳ್ಳಲು ಪಂಚಾಯತಿನಲ್ಲಿ ಕಾಸಿಲ್ಲ, ಕ್ಲಬ್ಬು ಕೊಡುತ್ತದೆ ಎಂದು ಬೋಜಪ್ಪ ಹೇಳಿದ. ಅದು ಸುಳ್ಳೇನಲ್ಲ. ಸುಳ್ಳಲ್ಲವೆಂದೇ ಕುಕ್ಕಪ್ಪನಿಗೆ ಇನ್ನಷ್ಟು ಮೈ ಉರಿಯಿತು.

“ಹಾಗಾದ್ರೆ ನಮ್ಮ ಮುಯ್ಯಿ ತೀರಿಸಿ. ನೀವು ಮೆಂಬರುಗಳೆಲ್ಲ ಪಿಕ್ಕಾಸು ಹಿಡ್ಕೊಂಡು ಬನ್ನಿ, ನಮಗೆ ಬೇರೆ ಮೈದಾನ ಮಾಡಿ ಕೊಡಿ.”

ಬೋಜಪ್ಪ ನಕ್ಕ. “ಮುಯ್ಯಿ ಎಂತದ್ದು ಮಾರಾಯ? ಅದು ಶ್ರಮದಾನ. ಸರಕಾರಕ್ಕೆ ಹಾಗೇ ಹೇಳಿ ಆಗಿದೆ. ಕೊಟ್ಟ ದಾನ ವಾಪಸು ಕೇಳುದುಂಟಾ?”

ದಾನವಂತೆ! ತನ್ನ ಜನ ಬೆವರು ಸುರಿಸಿದ್ದು ಈ ಕಳ್ಳನಂಥವನ ಜೋಳಿಗೆಗೆ ದಾನವಂತೆ. ಕುಕ್ಕಪ್ಪ ಬಾಗಿಲವರೆಗೆ ಹೋಗಿ ತಿರುಗಿ ನಿಂತ.

“ದಾನ ನಾವು ಕೊಡ್ಲಿಲ್ಲ. ತೀರಿಸುದಿಲ್ಲ ಅಂದ್ರೆ ನಮ್ಮ ಕೆಲಸ ನಾವೇ ವಾಪಸು ತಕೊಳ್ತೇವೆ.”

ಭಾನುವಾರ ಬೆಳಿಗ್ಗೆ ಬೀಗ ಮುರಿಯಿತು. ಅದೇ ಜನ, ಅದೇ ಬುಟ್ಟಿ. ಕಡಿದ ಮಣ್ಣು ತಾನು ಬಂದ ಗುಡ್ಡಕ್ಕೇ ಹೋಗಿ ಬೀಳುತ್ತಿತ್ತು. ಬಿಳಿ ಪ್ಯಾಂಟಿನ ವಕೀಲರು ಬ್ಯಾಟು ಹಿಡಿದು ಬೇಲಿಯ ಹೊರಗೆ ನಿಂತು ಬಾಯಿಗೆ ಬಂದಂತೆ ಬೈದರು. ಒಳಗಿನವರೂ ಬಾಕಿ ಇಡಲಿಲ್ಲ. ಪೊಲೀಸರನ್ನು ಕರೆಸುತ್ತೇನೆಂದು ಕೂಗಾಡುತ್ತ ಬೋಜಪ್ಪ ಓಡಿಬರುವಾಗ ಮೈದಾನದ ಒಂದು ಬದಿ ಮತ್ತೆ ಹೊಂಡವಾಗಿತ್ತು.

ಕುಕ್ಕಪ್ಪ ಆಗ ಮೂಲೆಯ ಗೆರೆಗೆ ಬಂದಿದ್ದ. ಸರ್ವೀಸಿಗೆ ಅವನು ಕಾಲೂರುತ್ತಿದ್ದ ಜಾಗ ಅದು. ಅವನದೇ ಹಿಮ್ಮಡಿ ತುಳಿದು ತುಳಿದು ಗಟ್ಟಿಯಾಗಿತ್ತು. ಪಿಕ್ಕಾಸಿನ ಮೊದಲ ಪೆಟ್ಟು ಪುಟಿದು ವಾಪಸು ಬಂತು.

“ಇನ್ನು ನೀನೆಲ್ಲಿ ಆಡುದು?” ಬೋಜಪ್ಪ ಹತ್ತಿರ ಬಂದು ಕೇಳಿದ.

ಕುಕ್ಕಪ್ಪನ ಕಣ್ಣು ತುಂಬಿತ್ತು. ಅದನ್ನು ಬೋಜಪ್ಪನಿಗೆ ತೋರಿಸಲು ಅವನು ಸತ್ತರೂ ಸಿದ್ಧನಿರಲಿಲ್ಲ. ತಲೆ ತಗ್ಗಿಸಿ ಅದೇ ಜಾಗಕ್ಕೆ ಎರಡನೆಯ ಪೆಟ್ಟು ಹಾಕಿದ. ಈ ಸಲ ಮಣ್ಣು ಒಡೆಯಿತು.